ಬಿಡುಗಡೆಯಾದವನಿಗೆ ಬಿಡುಗಡೆಯೆಲ್ಲಿ?

ನ್ಯಾಯಾಲಯವು ಒಬ್ಬ ಮನುಷ್ಯನನ್ನು ನಿರ್ದೋಷಿಯೆಂದು ಸಾರಿದ ಮೇಲೆ ಅವನು ಲೋಕದ ಕಣ್ಣಿಗೂ ನಿರ್ದೋಷಿಯಾಗಬೇಕಾದುದು ನ್ಯಾಯ. ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಬಂದವನ ಋಣವು ತೀರಿತೆಂದು ಎಣಿಸಬೇಕಾದುದೂ ನ್ಯಾಯವೇ. ಈ ಎರಡು ಮಾತುಗಳನ್ನು ಅಲ್ಲಗಳೆಯುವವರು ಯಾರೂ ಇರಲಾರರು. ಆದರೆ ನಮ್ಮ ನಾಡಿನ ಕಚೇರಿಗಳ ದಫ್ತರಗಳು ಈ ನ್ಯಾಯವನ್ನು ಅರಿತಂತೆ ಕಾಣುವುದಿಲ್ಲ. ನ್ಯಾಯಾಧೀಶರ ತೀರ್ಪು ಒಂದು ಕಡೆ, ಠಾಣೆಯ ಪುಸ್ತಕ ಇನ್ನೊಂದು ಕಡೆ. ಇವೆರಡಕ್ಕೂ ಮಾತುಕತೆಯೇ ಇಲ್ಲದಂತಾಗಿದೆ. ಈ ವಿಷಯವನ್ನು ಕುರಿತು ವಾಚಕ ಮಹನೀಯರ ಮುಂದೆ ನಾಲ್ಕು ಮಾತುಗಳನ್ನಿಡುವುದು ಅವಶ್ಯವೆಂದು ನಮಗೆ ತೋರಿರುವುದು.

ದೃಷ್ಟಾಂತಕ್ಕಾಗಿ ಹೀಗೆಂದಿಟ್ಟುಕೊಳ್ಳೋಣ. ಅರಸೀಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ತೆಂಗಿನ ತೋಟದ ಬದುವಿನ ವಿಷಯವಾಗಿ ದಾಯಾದಿಗಳೊಳಗೆ ಜಗಳವಾಯಿತು. ಫಿರ್ಯಾದು ಕೊಟ್ಟವರು ಕೈಮಾಡಿದವರ ಹೆಸರಿನೊಡನೆ, ಆ ಹೊತ್ತಿಗೆ ಮನೆಯಲ್ಲಿದ್ದ ವಿದ್ಯಾರ್ಥಿಯ ಹೆಸರನ್ನೂ ಬರೆಯಿಸಿದರು. ನಾಲ್ಕು ವರ್ಷ ವಾಯಿದೆಯ ಮೇಲೆ ವಾಯಿದೆ ನಡೆಯಿತು. ಕಡೆಗೆ ಆಪಾದನೆಯು ರುಜುವಾತಾಗಲಿಲ್ಲವೆಂದು ಎಲ್ಲರಿಗೂ ಖುಲಾಸೆಯಾಯಿತು. ಹುಡುಗನು ಓದಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಒಂದು ಸರಕಾರೀ ಹುದ್ದೆಗೆ ಆಯ್ಕೆಯಾದನು. ಆಗ ಪೂರ್ವಾಪರಗಳ ವಿಚಾರಣೆಗಾಗಿ ಠಾಣೆಗೆ ಕಾಗದ ಬಂದಿತು. ಠಾಣೆಯ ಪುಸ್ತಕದಲ್ಲಿ ಅವನ ಹೆಸರು ಇದ್ದಲ್ಲಿಯೇ ಇದ್ದಿತು. ಖುಲಾಸೆಯಾದ ಸಂಗತಿಯನ್ನು ಅದರ ಪಕ್ಕದಲ್ಲಿ ಬರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಇಂಥ ಹುಡುಗರು ಬೇಲೂರಿನಲ್ಲಿಯೂ ಇರುವರು, ಹಳೇಬೀಡಿನಲ್ಲಿಯೂ ಇರುವರು. ಕರ್ನಾಟಕದ ಯಾವ ತಾಲ್ಲೂಕಿನಲ್ಲಿಯೂ ಇವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲು ಈ ದಾಖಲೆ ಎಂಬುದು ಯಾವುದೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಜನರು ಅದನ್ನು ಒಂದೇ ವಸ್ತುವೆಂದು ಭಾವಿಸುವರು. ವಾಸ್ತವದಲ್ಲಿ ಅದು ಐದಾರು ಕಡೆ ಹರಡಿಕೊಂಡಿರುವುದು. ಠಾಣೆಯ ಪ್ರಥಮ ವರ್ತಮಾನ ವರದಿ ಒಂದು, ನ್ಯಾಯಾಲಯದ ಕಡತವೊಂದು, ಬೆರಳಚ್ಚು ಮತ್ತು ಭಾವಚಿತ್ರಗಳ ಸಂಗ್ರಹವೊಂದು, ರೌಡಿಗಳ ಪಟ್ಟಿಯೊಂದು, ಇವೆಲ್ಲಕ್ಕೂ ಮೇಲಾಗಿ ಈಗ ಅಂತರ್ಜಾಲವೊಂದು. 2016ರಲ್ಲಿ ಸುಪ್ರೀಂ ಕೋರ್ಟು, ಸೂಕ್ಷ್ಮ ಸ್ವರೂಪದವುಗಳನ್ನು ಬಿಟ್ಟು ಉಳಿದ ಪ್ರಥಮ ವರ್ತಮಾನ ವರದಿಗಳನ್ನು 24 ಗಂಟೆಗಳೊಳಗಾಗಿ ಪೊಲೀಸರ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಆಜ್ಞಾಪಿಸಿತು. ಆಪಾದಿತನಿಗೆ ತನ್ನ ಮೇಲಿನ ಆರೋಪವೇನೆಂಬುದು ಬೇಗನೆ ತಿಳಿಯಲೆಂಬುದೇ ಅದರ ಸದುದ್ದೇಶ. ಆದರೆ ಆರೋಪವು ಒಂದು ದಿನದಲ್ಲಿ ಲೋಕಕ್ಕೆ ತಿಳಿಯುವ ಈ ಕಾಲದಲ್ಲಿ, ನಾಲ್ಕು ವರ್ಷಗಳ ಅನಂತರ ಬಂದ ಖುಲಾಸೆಯನ್ನು ಅದೇ ವೇಗದಲ್ಲಿ ಸಾರುವವರು ಯಾರು? ಒಂದು ಕಡೆ ಅಳಿಸಿದ ಹೆಸರು ಇನ್ನೊಂದು ಕಡೆ ಉಳಿದುಕೊಂಡರೆ ಅಳಿಸಿದುದರ ಫಲವೇನು?

ಈಗ ಕಾನೂನಿನ ಸ್ಥಿತಿಯನ್ನು ನೋಡೋಣ. ಕೆಲವು ದೇಶಗಳಲ್ಲಿ ಇರುವಂತೆ, ಅಪರಾಧದ ದಾಖಲೆಯನ್ನು ಅಳಿಸಿಹಾಕಿರೆಂದು ವಯಸ್ಕನಾದ ಯಾವನೇ ಆಗಲಿ ನ್ಯಾಯಾಲಯವನ್ನು ಕೇಳಿಕೊಳ್ಳಲು ಅನುಕೂಲವಾದ ಒಂದು ಸಾಮಾನ್ಯ ಕಾಯಿದೆ ನಮ್ಮಲ್ಲಿಲ್ಲ. ಹೆಬ್ಬಾಗಿಲು ಇಲ್ಲದ ಮನೆಗೆ ನಾಲ್ಕಾರು ಕಿರುಬಾಗಿಲುಗಳಿರುವಂತೆ, ಬೇರೆ ಬೇರೆ ಕಾಯಿದೆಗಳಲ್ಲಿ ಬೇರೆ ಬೇರೆ ದಾರಿಗಳಿವೆ. ಅವು ಇವೆಯೆಂಬುದೇ ನಮ್ಮ ಜನಕ್ಕೆ ತಿಳಿಯದು. ಆದುದರಿಂದ ಒಂದೊಂದಾಗಿ ಹೇಳುವೆವು.

ಮೊದಲನೆಯದು, ಮೊಕದ್ದಮೆಯನ್ನೇ ರದ್ದುಪಡಿಸುವ ಹೈಕೋರ್ಟಿನ ಅಧಿಕಾರ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 482ನೆಯ ಕಲಮಿನಲ್ಲಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೆಯ ಕಲಮಿಗೆ ಬಂದಿದೆ. ಫಿರ್ಯಾದಿನಲ್ಲಿ ಬರೆದುದನ್ನೆಲ್ಲ ನಿಜವೆಂದು ಒಪ್ಪಿದರೂ ಅಪರಾಧವೇ ಆಗದಿರುವಲ್ಲಿ, ದ್ವೇಷದಿಂದಲೇ ಮೊಕದ್ದಮೆ ಹೂಡಿರುವಲ್ಲಿ, ಹೀಗೆ ಯಾವ ಯಾವ ಸಂದರ್ಭಗಳಲ್ಲಿ ಅದನ್ನು ರದ್ದುಪಡಿಸಬಹುದೆಂಬುದನ್ನು ಸುಪ್ರೀಂ ಕೋರ್ಟು 1990ರಲ್ಲಿ ಭಜನಲಾಲರ ಮೊಕದ್ದಮೆಯಲ್ಲಿ ವಿವರಿಸಿತು. ಖಾಸಗೀ ಸ್ವರೂಪದ ವ್ಯಾಜ್ಯದಲ್ಲಿ ಉಭಯ ಪಕ್ಷಗಳೂ ರಾಜಿಯಾದಾಗ ಮೊಕದ್ದಮೆಯನ್ನು ಕೊನೆಗಾಣಿಸಬಹುದೆಂದು 2012ರಲ್ಲಿ ಜ್ಞಾನಸಿಂಗರ ಮೊಕದ್ದಮೆಯಲ್ಲಿ ಹೇಳಿತು. ಕೊಲೆ, ಅತ್ಯಾಚಾರ ಮೊದಲಾದ ಘೋರ ಅಪರಾಧಗಳಿಗೆ ಈ ರಾಜಿಯು ಸಲ್ಲದೆಂದೂ ಅಲ್ಲಿಯೇ ಎಚ್ಚರಿಸಿತು. ದಾಯಾದಿಗಳ ಜಗಳ, ನೆರೆಹೊರೆಯ ಕಾದಾಟ ಮುಂತಾದವುಗಳಿಗೆ ಇದು ಉತ್ತಮವಾದ ದಾರಿ. ಆದರೆ ಇದಕ್ಕಾಗಿ ಹಾಸನ ಜಿಲ್ಲೆಯವನು ಬೆಂಗಳೂರಿಗೆ ಹೋಗಬೇಕು, ವಕೀಲರನ್ನು ಗೊತ್ತುಮಾಡಬೇಕು. ಅರಸೀಕೆರೆಯಲ್ಲಿ ರೈಲು ಹತ್ತುವುದು ಸುಲಭ. ಹೈಕೋರ್ಟಿನ ಮೆಟ್ಟಿಲು ಹತ್ತುವುದು ಬಡವನಿಗೆ ಸುಲಭವಲ್ಲ.

ಎರಡನೆಯದು, ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ಆಗಬಹುದಾದುದು. ರಾಜಿಗೆ ಅರ್ಹವೆಂದು ಕಾನೂನು ಗುರುತಿಸಿರುವ ಅಪರಾಧಗಳಲ್ಲಿ ರಾಜಿಯಾದರೆ ಅದಕ್ಕೆ ಖುಲಾಸೆಯ ಪರಿಣಾಮವೇ ಉಂಟು. ಲೋಕ ಅದಾಲತ್ತಿನಲ್ಲಿಯೂ ಇಂಥವನ್ನು ತೀರಿಸಬಹುದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ಎಷ್ಟೋ ಮಂದಿ ವಾಯಿದೆಗಳಿಗೆ ಬೇಸತ್ತು, ತಪ್ಪೊಪ್ಪಿಕೊಂಡು ನೂರಿನ್ನೂರು ರೂಪಾಯಿ ದಂಡ ತೆತ್ತು ಕೈತೊಳೆದುಕೊಂಡೆವೆಂದು ತಿಳಿಯುವರು. ಅದು ಕೈತೊಳೆದುಕೊಂಡಂತಲ್ಲ, ಮಸಿ ಹಚ್ಚಿಕೊಂಡಂತೆ. ದಂಡವು ಅಲ್ಪವಾದರೂ ಅಪರಾಧ ಸ್ಥಾಪನೆಯು ಅಪರಾಧ ಸ್ಥಾಪನೆಯೇ. ರಾಜಿಗೆ ಆಸ್ಪದವಿರುವಲ್ಲಿ ತಪ್ಪೊಪ್ಪಿಗೆಯನ್ನು ಬರೆದುಕೊಡುವುದು ಅವಿವೇಕ.

ಮೂರನೆಯದು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಮೊದಲ ಸಲ ತಪ್ಪು ಮಾಡಿದವನನ್ನು ಸೆರೆಮನೆಗೆ ಕಳುಹದೆ, ಎಚ್ಚರಿಕೆ ಹೇಳಿಯೋ ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡೋ ಬಿಡುವುದಕ್ಕೆ ಇದು ಅವಕಾಶ ಕೊಡುವುದು. ಈ ಕಾಯಿದೆಯ 12ನೆಯ ಕಲಂ ಬಹು ಮುಖ್ಯವಾದುದು. ಹೀಗೆ ಬಿಡುಗಡೆ ಹೊಂದಿದವನಿಗೆ, ಅಪರಾಧ ಸ್ಥಾಪನೆಯಿಂದ ಕಾನೂನಿನ ಮೇರೆಗೆ ತಟ್ಟುವ ಅನರ್ಹತೆಯು ತಟ್ಟಬಾರದೆಂದು ಅದು ವಿಧಿಸಿದೆ. ಇದು ಅಪರಾಧ ಸ್ಥಾಪನೆಯನ್ನೇ ಅಳಿಸುವುದಿಲ್ಲವೆಂದು ನ್ಯಾಯಾಲಯಗಳು ಹೇಳಿರುವುದು ನಿಜ. ಆದರೂ ಅರ್ಧ ಬಾಗಿಲು ತೆರೆದಂತಾಯಿತು. ಶಿಕ್ಷೆಯನ್ನು ವಿಧಿಸುವ ಹೊತ್ತಿನಲ್ಲಿ ವಕೀಲರು ಈ ಕಾಯಿದೆಯನ್ನು ನ್ಯಾಯಾಧೀಶರ ಗಮನಕ್ಕೆ ತರದಿದ್ದರೆ ಆ ಅವಕಾಶವು ಕೈತಪ್ಪಿಹೋದೀತು.

ನಾಲ್ಕನೆಯದು ಉಪಾಧ್ಯಾಯ ಬಂಧುಗಳು ವಿಶೇಷವಾಗಿ ತಿಳಿದಿರಬೇಕಾದುದು. 18 ವರ್ಷ ತುಂಬುವ ಮೊದಲು ಮಾಡಿದ ತಪ್ಪಿನ ವಿಷಯದಲ್ಲಿ ನಮ್ಮ ಕಾನೂನು ಉದಾರವಾಗಿದೆ. 2015ರ ಬಾಲನ್ಯಾಯ ಕಾಯಿದೆಯು ಹೊಸ ಆರಂಭವೆಂಬ ತತ್ತ್ವವನ್ನೇ ಅಂಗೀಕರಿಸಿದೆ. ಅದರ 24ನೆಯ ಕಲಮಿನ ಮೇರೆಗೆ ಅಂಥ ಮಗುವಿಗೆ ಯಾವ ಅನರ್ಹತೆಯೂ ಅಂಟಬಾರದು. ಮೇಲ್ಮನವಿಯ ಕಾಲವು ಕಳೆದ ಮೇಲೆ ದಾಖಲೆಗಳನ್ನು ನಾಶಪಡಿಸುವಂತೆ ಬಾಲನ್ಯಾಯ ಮಂಡಳಿಯು ಪೊಲೀಸರಿಗೆ ಆದೇಶ ಕೊಡಬೇಕು. 16 ವರ್ಷ ತುಂಬಿ, ಘೋರ ಅಪರಾಧದಲ್ಲಿ ವಯಸ್ಕನಂತೆ ವಿಚಾರಣೆಗೊಳಗಾಗಿ ದೋಷಿಯೆನಿಸಿದವನಿಗೆ ಮಾತ್ರ ಇದು ಅನ್ವಯಿಸದು. ಅಂದಮೇಲೆ, ಎಂದೋ ಹುಡುಗತನದಲ್ಲಿ ಮಾಡಿದ ಪುಂಡಾಟವನ್ನು ನೆನೆಸಿಕೊಂಡು ವಿದ್ಯಾರ್ಥಿಯನ್ನು ದೂರವಿಡುವ ಶಾಲೆಯು ಕಾನೂನಿನ ಆಶಯಕ್ಕೆ ವಿರುದ್ಧವಾಗಿ ನಡೆದಂತಾಗುವುದು.

ಐದನೆಯದು ಬೆರಳಚ್ಚು, ಭಾವಚಿತ್ರ ಮುಂತಾದವುಗಳ ವಿಷಯ. 1920ರ ಹಳೆಯ ಕಾಯಿದೆಗೆ ಬದಲಾಗಿ ಬಂದ 2022ರ ಕಾಯಿದೆಯು ಇವುಗಳನ್ನು 75 ವರ್ಷಗಳವರೆಗೆ ಇಟ್ಟುಕೊಳ್ಳಬಹುದೆಂದು ಹೇಳುವುದು. 75 ವರ್ಷವೆಂದರೆ ಮನುಷ್ಯನ ಆಯುಷ್ಯವೇ ಸರಿ. ಆದರೆ ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಅಥವಾ ಎಲ್ಲ ಮೇಲ್ಮನವಿಗಳೂ ಮುಗಿದು ಖುಲಾಸೆಯಾದರೆ, ಅವನ್ನು ನಾಶಪಡಿಸಬೇಕೆಂದೂ, ಬೇಡವೆನ್ನುವ ಮ್ಯಾಜಿಸ್ಟ್ರೇಟರು ಕಾರಣವನ್ನು ಬರೆದಿಡಬೇಕೆಂದೂ ಅದೇ ಕಾಯಿದೆಯಲ್ಲಿದೆ. ಈ ಹಕ್ಕನ್ನು ಕೇಳಿ ಪಡೆಯುವವರು ಎಷ್ಟು ಮಂದಿ?

ಆರನೆಯದು ರೌಡಿ ಪಟ್ಟಿ. ಒಮ್ಮೆ ಸೇರಿದ ಹೆಸರು ಹೊರಬರುವುದು ಕಷ್ಟವೆಂದು ಎಲ್ಲರೂ ಬಲ್ಲರು. ಇದು ನ್ಯಾಯಾಲಯದ ತೀರ್ಪಿನಿಂದ ಆಗುವ ಕಾರ್ಯವಲ್ಲ. ಪೊಲೀಸು ಕೈಪಿಡಿಯ ಮೇರೆಗೆ ಅಧಿಕಾರಿಗಳೇ ಮಾಡುವುದು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿ, ಹೆಸರನ್ನು ಸೇರಿಸುವ ಮೊದಲು ಆ ಮನುಷ್ಯನಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶವಿರಬೇಕು, ಕಾಲಕಾಲಕ್ಕೆ ಪಟ್ಟಿಯನ್ನು ಪುನರ್ವಿಮರ್ಶಿಸಬೇಕು ಎಂಬ ಅರ್ಥದ ಮಾರ್ಗದರ್ಶನಗಳನ್ನು ಕೊಟ್ಟರು. ಇದು ಕರ್ನಾಟಕದ ನ್ಯಾಯಾಲಯವು ಕರ್ನಾಟಕದ ಪ್ರಜೆಗಳಿಗೆ ಮಾಡಿದ ಉಪಕಾರವೆನ್ನಬೇಕು.

ಇನ್ನೊಂದು ದಾರಿಯನ್ನು ನಮ್ಮ ಜನರು ಹೆಚ್ಚಾಗಿ ನಂಬುವರು; ಅದು ಸರಕಾರವೇ ಮೊಕದ್ದಮೆಯನ್ನು ಹಿಂದೆಗೆದುಕೊಳ್ಳುವುದು. ಚಳವಳಿಗಳಲ್ಲಿ ಭಾಗವಹಿಸಿದವರ ಮೇಲಿನ ಮೊಕದ್ದಮೆಗಳನ್ನು ಹಿಂದೆಗೆದುಕೊಳ್ಳಿರೆಂದು ಮಂತ್ರಿಗಳ ಬಳಿಗೆ ನಿಯೋಗಗಳು ಹೋಗುವುದುಂಟು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು 43 ಮೊಕದ್ದಮೆಗಳನ್ನು ಹಿಂದೆಗೆದುಕೊಳ್ಳುವ ಆಜ್ಞೆಯನ್ನು ಮಾಡಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ಮೊಕದ್ದಮೆಯನ್ನು ಹಿಂದೆಗೆಯುವ ವಿವೇಚನೆಯು ಸರಕಾರೀ ಅಭಿಯೋಜಕರದು, ಅದಕ್ಕೆ ನ್ಯಾಯಾಲಯದ ಒಪ್ಪಿಗೆ ಬೇಕು ಎಂಬುದು ಕಾನೂನು. ಇದು ಯುಕ್ತವೇ ಆಗಿದೆ. ಮಂತ್ರಿಗಳ ಕೃಪೆಯಿಂದ ಬಂದ ನಿರ್ಮಲತೆಯು ಮಂತ್ರಿಮಂಡಲದೊಡನೆ ಹೋಗುವುದು. ನ್ಯಾಯಾಲಯದಿಂದ ಬಂದುದೇ ನಿಲ್ಲುವುದು.

ಹೀಗಿರುವಲ್ಲಿ ನೌಕರಿಯ ಅರ್ಜಿಯನ್ನು ತುಂಬುವ ತರುಣನು ಹಳೆಯ ಮೊಕದ್ದಮೆಯನ್ನು ಬಚ್ಚಿಡಲೋ ಬರೆಯಲೋ ಎಂದು ತಳಮಳಿಸುವನು. ಬರೆಯಬೇಕೆಂಬುದೇ ನಮ್ಮ ಉತ್ತರ. 2016ರಲ್ಲಿ ಅವತಾರಸಿಂಗರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಅಭ್ಯರ್ಥಿಯು ಕೊಡುವ ಮಾಹಿತಿಯು ಸತ್ಯವಾಗಿರಲೇಬೇಕೆಂದು ಹೇಳಿದರು. ಜೊತೆಗೆ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಬಚ್ಚಿಟ್ಟುದನ್ನು ಸಹ ಉದ್ಯೋಗದಾತನು ವಿವೇಚನೆಯಿಂದ ಕಡೆಗಣಿಸಬಹುದೆಂದರು. ಆದರೆ ವಿವೇಚನೆಯು ಅಧಿಕಾರಿಯ ಕೈಯಲ್ಲಿರುವುದು. ಸತ್ಯವು ಅಭ್ಯರ್ಥಿಯ ಕೈಯಲ್ಲಿರುವುದು. ತನ್ನ ಕೈಯಲ್ಲಿರುವುದನ್ನು ಬಿಟ್ಟುಕೊಡಬಾರದು. ಅಧಿಕಾರಿಗಳಾದರೋ, ಖುಲಾಸೆಯಾದುದು ‘ಗೌರವಪೂರ್ವಕ’ವೋ ಸಾಕ್ಷ್ಯದ ಕೊರತೆಯಿಂದಲೋ ಎಂದು ಅಳೆದು ನೋಡುವರು. ದಂಡ ಪ್ರಕ್ರಿಯೆಯ ಸಂಹಿತೆಯಲ್ಲಿ ಎಲ್ಲಿಯೂ ಇಲ್ಲದ ಈ ಭೇದವು ಹುದ್ದೆಯನ್ನು ಕಳೆಯುವಷ್ಟು ಬಲಶಾಲಿಯಾಗಿರುವುದು ಶೋಚನೀಯ. ಸಾಕ್ಷಿಗಳನ್ನು ಒದಗಿಸಲಾಗದುದು ಆರೋಪಿಸಿದವರ ಸೋಲಲ್ಲವೇ? ಅದರ ದಂಡವನ್ನು ಆಪಾದಿತನು ತೆರಬೇಕೆ?

ಹೆಸರಿನ ಮೇಲೆ ಬರೆದ ಅಪರಾಧವು ಎಷ್ಟು ತಲೆಮಾರುಗಳನ್ನು ಸುಡಬಲ್ಲುದೆಂಬುದಕ್ಕೆ ಕನ್ನಡ ನಾಡಿನ ಇತಿಹಾಸದಲ್ಲಿಯೇ ಸಾಕ್ಷ್ಯವುಂಟು. ಬ್ರಿಟಿಷರು 1871ರಲ್ಲಿ ಮಾಡಿ, 1911ರಲ್ಲಿಯೂ 1924ರಲ್ಲಿಯೂ ಬಲಪಡಿಸಿದ ಕಾಯಿದೆಯು ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಮಾಡಿತು. ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಈ ಕಳಂಕಕ್ಕೆ ಮಾತ್ರ ಗಡಿಗಳಿರಲಿಲ್ಲ. ಮುಂಬಯಿ ಪ್ರಾಂತದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರನ್ನು ಕೂಡಿಹಾಕುವ ವಸಾಹತುಗಳಿದ್ದವು. ಮೈಸೂರು ಸಂಸ್ಥಾನವೂ ತನ್ನದೇ ಆದ ಶಾಸನವನ್ನು ಮಾಡಿಕೊಂಡಿದ್ದಿತು. ಕೊರಮ, ಕೊರಚ ಮುಂತಾದ ಜನಗಳ ಕೂಸು ಯಾವ ಪಾಪವನ್ನೂ ಮಾಡುವ ಮೊದಲೇ ಅದರ ಹೆಸರು ಪುಸ್ತಕದಲ್ಲಿತ್ತು. ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಾಯಿದೆಯನ್ನು ಕಿತ್ತುಹಾಕಿತು. ಕಾಯಿದೆ ಹೋಯಿತು, ಸಂಶಯ ಹೋಗಲಿಲ್ಲ. ರೂಢಿಗತ ಅಪರಾಧಿಗಳ ಕಾಯಿದೆಗಳು ಅದರ ಜಾಗಕ್ಕೆ ಬಂದವು. ನಮ್ಮ ರಾಜ್ಯದಲ್ಲಿಯೂ 1961ರಲ್ಲಿ ಒಂದಾಯಿತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಸೆರೆಮನೆಗಳಲ್ಲಿನ ಜಾತಿಭೇದವನ್ನು ಕುರಿತ ತೀರ್ಪಿನಲ್ಲಿ, ಈ ಜನಗಳನ್ನು ಇನ್ನೂ ಹುಟ್ಟುಕಳ್ಳರಂತೆ ಕಾಣುವ ನಿಯಮಗಳನ್ನು ಖಂಡಿಸಬೇಕಾಯಿತು. 72 ವರ್ಷಗಳ ಅನಂತರವೂ ಖಂಡಿಸಬೇಕಾಯಿತೆಂದರೆ, ಪುಸ್ತಕದಲ್ಲಿ ಬರೆದುದನ್ನು ಅಳಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ದಂಡಸಂಹಿತೆಯನ್ನು 1860ರಲ್ಲಿ ನಮಗೆ ಕೊಟ್ಟುಹೋದ ಇಂಗ್ಲೆಂಡು ತನ್ನ ಪ್ರಜೆಗಳಿಗೆ ಏನು ಮಾಡಿಕೊಂಡಿತೆಂಬುದನ್ನೂ ನೋಡಬೇಕು. 1974ರ ಒಂದು ಕಾಯಿದೆಯಿಂದ ಅಲ್ಲಿ, ಲಘುವಾದ ಶಿಕ್ಷೆಯನ್ನು ಅನುಭವಿಸಿದವನು ನಿಯತವಾದ ಕಾಲ ಸನ್ನಡತೆಯಿಂದ ಬಾಳಿದರೆ ಅವನ ಅಪರಾಧವು ಸವೆದುಹೋಯಿತೆಂದು ಗಣಿಸುವರು. ಸಾಮಾನ್ಯ ನೌಕರಿಗೆ ಹೋದಾಗ ಅದನ್ನು ಹೇಳಬೇಕಾದ ಬಾಧ್ಯತೆಯಿಲ್ಲ. ಮಕ್ಕಳೊಡನೆ ಮಾಡುವ ಕೆಲಸ ಮುಂತಾದ ಸೂಕ್ಷ್ಮ ಹುದ್ದೆಗಳಿಗೆ ಮಾತ್ರ ಬೇರೆ ನಿಯಮ. ದಂಡಿಸುವ ಕಾನೂನನ್ನು ನಾವು ಅವರಿಂದ ಕಲಿತೆವು. ಕ್ಷಮಿಸುವ ಕಾನೂನನ್ನು ಕಲಿಯಲಿಲ್ಲ.

ನಮ್ಮ ಕಾನೂನಿಗೆ ಕಾಲಾವಧಿಯ ಕಲ್ಪನೆಯೇ ಇಲ್ಲವೆನ್ನುವಂತೆಯೂ ಇಲ್ಲ. 1967ರ ಪಾಸ್‌ಪೋರ್ಟು ಕಾಯಿದೆಯ ಮೇರೆಗೆ, ಎರಡು ವರ್ಷ ಅಥವಾ ಅದಕ್ಕೆ ಮೀರಿದ ಶಿಕ್ಷೆಯಾದವನಿಗೂ ಆ ಕಾರಣದಿಂದ ಪಾಸ್‌ಪೋರ್ಟನ್ನು ನಿರಾಕರಿಸಬಹುದಾದುದು ಐದು ವರ್ಷಗಳವರೆಗೆ ಮಾತ್ರ. 1951ರ ಪ್ರಜಾಪ್ರತಿನಿಧಿ ಕಾಯಿದೆಯ ಸಾಮಾನ್ಯ ನಿಯಮದಂತೆ, ಎರಡು ವರ್ಷಗಳ ಶಿಕ್ಷೆಯಾದವನು ಸೆರೆಮನೆಯಿಂದ ಹೊರಬಂದು ಆರು ವರ್ಷ ಕಳೆದರೆ ಚುನಾವಣೆಗೆ ನಿಲ್ಲಬಹುದು. ಮಹಾಶಯರೆ, ಇದರ ಅರ್ಥವನ್ನು ವಿಚಾರಿಸಿ ನೋಡಿರಿ. ಶಾಸನಸಭೆಯಲ್ಲಿ ಕುಳಿತು ಕಾನೂನು ಮಾಡುವವನ ಕಳಂಕವು ಆರು ವರ್ಷಗಳಲ್ಲಿ ತೊಳೆದುಹೋಗುವುದಾದರೆ, ಅದೇ ಶಾಸನಸಭೆಯ ಬಾಗಿಲು ಕಾಯುವ ಜವಾನನ ಕಳಂಕಕ್ಕೆ ಮಾತ್ರ ಅವಧಿಯೇ ಇಲ್ಲವೇ?

ಸಮಾಜದ ರಕ್ಷಣೆಯ ಗತಿಯೇನು ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಕಂದಮ್ಮಗಳ ಮೇಲೆ ಕೈಮಾಡಿದವನನ್ನು ಶಾಲೆಗೆ ಉಪಾಧ್ಯಾಯನಾಗಿ ಕಳುಹಿರೆಂದು ಯಾರೂ ಹೇಳುತ್ತಿಲ್ಲ. ಘೋರ ಅಪರಾಧಗಳಿಗೂ ಮತ್ತೆ ಮತ್ತೆ ತಪ್ಪು ಮಾಡುವವರಿಗೂ ಬೇರೆ ನಿಯಮವಿರಲಿ. ವಿಚಾರಣೆಗೆ ಬೇಕಾದ ಕಡತಗಳು ನ್ಯಾಯಾಲಯದ ವಶದಲ್ಲಿ ಭದ್ರವಾಗಿರಲಿ. ನಾವು ಕೇಳುತ್ತಿರುವುದು ಕ್ಷುಲ್ಲಕ ತಪ್ಪಿನವನ ಮತ್ತು ತಪ್ಪೇ ಮಾಡದವನ ಮಾತನ್ನು. ದುಡಿಯುವ ದಾರಿಯನ್ನೆಲ್ಲ ಮುಚ್ಚಿದರೆ ಮನುಷ್ಯನು ಮರಳಿ ಹೋಗುವುದು ಎಲ್ಲಿಗೆ? ಅವನಿಗೆ ಗೌರವದ ಅನ್ನವನ್ನು ದೊರಕಿಸುವುದೂ ಸಮಾಜದ ರಕ್ಷಣೆಯೇ.

ಬೇಲೂರು ಹಳೇಬೀಡುಗಳ ವಾಚಕರಿಗೆ ಶಾಸನವೆಂದರೇನೆಂದು ಹೇಳಬೇಕಾಗಿಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1902ರಲ್ಲಿ ಒಂದು ದೊಡ್ಡ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳರ ಕಾಲದ ಹಿರಿಯರು ಕಲ್ಲಿನಲ್ಲಿ ಕೆತ್ತಿಸಿದುದು ಬಹುಪಾಲು ದಾನ, ದೇಗುಲ, ಕೆರೆ, ವೀರಮರಣ ಇವುಗಳನ್ನು. ಶಾಶ್ವತವಾಗಿ ಉಳಿಯಬೇಕಾದುದು ಯಾವುದೆಂಬ ವಿವೇಕ ಅವರಿಗಿತ್ತು. ಒಬ್ಬ ಬಡ ಹುಡುಗನ ಒಂದು ದಿನದ ಜಗಳವನ್ನು ಕಲ್ಲಿಗಿಂತ ಗಟ್ಟಿಯಾಗಿ ಉಳಿಸುವ ಉಪಾಯವು ಈ ಕಾಲದ್ದು. ಅಂತರ್ಜಾಲದಿಂದ ಹೆಸರನ್ನು ತೆಗೆಯಿಸುವ ಹಕ್ಕಿನ ವಿಷಯದಲ್ಲಿ ನ್ಯಾಯಾಲಯಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕರ್ನಾಟಕ ಹೈಕೋರ್ಟು 2017ರಲ್ಲಿಯೇ, ವೈವಾಹಿಕ ವ್ಯಾಜ್ಯವೊಂದರಲ್ಲಿ ಒಬ್ಬ ಮಹಿಳೆಯ ಹೆಸರನ್ನು ಮರೆಮಾಡಿಸಿ ದಾರಿ ತೋರಿಸಿತು. ಅದೇ ವರ್ಷ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಖಾಸಗೀತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದರು. ಖುಲಾಸೆಯಾದವನ ಹೆಸರನ್ನು ಮರೆಮಾಡಬೇಕೆಂದು ಮದ್ರಾಸು ಹೈಕೋರ್ಟು 2024ರಲ್ಲಿ ಕೊಟ್ಟ ತೀರ್ಪಿಗೆ ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನಿತ್ತಿತು. ಹೀಗೆ ಒಂದೊಂದು ತೀರ್ಪಿನ ದಾರಿ ಕಾಯುವುದಕ್ಕಿಂತ ಕಾಯಿದೆಯೊಂದನ್ನು ಮಾಡುವುದೇ ಮೇಲು.

ಆ ಕಾಯಿದೆಯನ್ನು ದೆಹಲಿಯೇ ಮಾಡಬೇಕೆಂದು ಕೈಕಟ್ಟಿ ಕೂರಬೇಕಾದ ಕಾರಣವಿಲ್ಲ. ದಂಡಶಾಸನವೂ ದಂಡಪ್ರಕ್ರಿಯೆಯೂ ರಾಜ್ಯಾಂಗದ ಸಮವರ್ತೀ ಪಟ್ಟಿಯಲ್ಲಿವೆ. ಕೇಂದ್ರದ ಕಾಯಿದೆಗೆ ತೊಡಕಾಗುವಲ್ಲಿ ರಾಷ್ಟ್ರಪತಿಗಳ ಅನುಮತಿಯನ್ನು ಪಡೆದು ಕರ್ನಾಟಕದ ವಿಧಾನಮಂಡಲವು ಶಾಸನ ಮಾಡಬಹುದು. ಪೊಲೀಸು ಇಲಾಖೆಯಾದರೋ ಪೂರ್ತಿಯಾಗಿ ರಾಜ್ಯದ ವಿಷಯ. ಖುಲಾಸೆ, ರದ್ದತಿ, ರಾಜಿಗಳ ಆಜ್ಞೆಯನ್ನು ನ್ಯಾಯಾಲಯವು ತಾನಾಗಿಯೇ ಠಾಣೆಗೆ ಕಳುಹುವಂತೆಯೂ, ಠಾಣೆಯು ಗೊತ್ತಾದ ದಿನಗಳೊಳಗೆ ಪುಸ್ತಕವನ್ನು ತಿದ್ದಿ ಆ ಮನುಷ್ಯನಿಗೆ ಲಿಖಿತ ಪ್ರಮಾಣವನ್ನು ಕೊಡುವಂತೆಯೂ ವ್ಯವಸ್ಥೆಯಾಗಬೇಕು. ಲಘು ಅಪರಾಧಕ್ಕೆ ಐದಾರು ವರ್ಷಗಳ ಸನ್ನಡತೆಯ ಅನಂತರ ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ಅರ್ಜಿ ಕೊಟ್ಟು ದಾಖಲೆಯನ್ನು ಮುಚ್ಚಿಸಲು ಅವಕಾಶವಾಗಬೇಕು. ಈ ಆಜ್ಞೆಯು ಕನ್ನಡದಲ್ಲಿರಬೇಕು. ಹೈಕೋರ್ಟಿನ ವ್ಯವಹಾರವು ಇಂಗ್ಲಿಷಿನಲ್ಲಿರುವುದರಿಂದ, ತನ್ನನ್ನು ನಿರ್ದೋಷಿಯೆಂದು ಸಾರುವ ಕಾಗದವನ್ನೇ ಓದಲಾರದವರು ನಮ್ಮಲ್ಲಿ ಅನೇಕರು. ಓದಲಾಗದ ಬಿಡುಗಡೆಯನ್ನು ಅವನು ಊರಿನಲ್ಲಿ ಯಾರಿಗೆ ತೋರಿಸಿಯಾನು?

ಕಾಯಿದೆಯಾಗುವವರೆಗೆ ನಾವು ಮಾಡಬಹುದಾದುದು ಕಡಿಮೆಯಲ್ಲ. ಖುಲಾಸೆಯಾದವನು ತೀರ್ಪಿನ ದೃಢೀಕೃತ ನಕಲನ್ನು ಪಡೆದು, ಠಾಣೆಗೂ ಜಿಲ್ಲೆಯ ಪೊಲೀಸು ವರಿಷ್ಠಾಧಿಕಾರಿಗಳಿಗೂ ಅರ್ಜಿಯೊಡನೆ ಕಳುಹಿ, ಸ್ವೀಕೃತಿಯನ್ನು ಜೋಪಾನವಾಗಿಡಬೇಕು. ವಕೀಲರಿಗೆ ತೆರಲು ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ತಾಲ್ಲೂಕು ಸಮಿತಿಗಳಿವೆ. ಸ್ತ್ರೀಯರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನು ನೋಡದೆಯೇ ಉಚಿತವಾಗಿ ವಕೀಲರನ್ನು ಕೊಡುವರು, ಇತರ ಬಡವರಿಗೂ ಕೊಡುವರು. ಹೈಕೋರ್ಟಿನಲ್ಲಿಯೂ ಇಂಥದೇ ಸಮಿತಿಯುಂಟು. ಈ ಸಂಗತಿಗಳನ್ನು ಹಳ್ಳಿಯವನಿಗೆ ತಿಳಿಸುವವರು ಯಾರು? ಅರ್ಜಿ ಬರೆಯಿಸಿಕೊಳ್ಳಲು ಅವನು ಮೊದಲು ಬರುವುದು ಊರಿನ ಉಪಾಧ್ಯಾಯರ ಬಳಿಗೆ. ಪೇಟೆಯಲ್ಲಿ ಓದುಬರೆಹ ಬಲ್ಲ ಗೃಹಸ್ಥರ ಬಳಿಗೆ. ಆದುದರಿಂದ ಅದು ನಿಮ್ಮ ಕರ್ತವ್ಯ.

ಇದಕ್ಕೂ ಮಿಗಿಲಾದ ಒಂದು ಕರ್ತವ್ಯವುಂಟು; ಅದಕ್ಕೆ ಯಾವ ಕಾಯಿದೆಯೂ ಬೇಡ. ನ್ಯಾಯಾಲಯವು ಬಿಟ್ಟವನನ್ನು ನಾವೂ ಬಿಡಬೇಕು. ಅಂಗಡಿಯ ಜಗುಲಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಸಹಕಾರ ಸಂಘದ ಸಭೆಯಲ್ಲಿ ಹಳೆಯ ಮೊಕದ್ದಮೆಯನ್ನು ಎತ್ತಿ ಆಡುವವರನ್ನು ತಡೆದು, ಆ ಮಾತು ತೀರಿಹೋಯಿತೆಂದು ಹೇಳುವ ಧೈರ್ಯ ನಮಗಿರಬೇಕು. ಠಾಣೆಯ ಪುಸ್ತಕವನ್ನು ತಿದ್ದುವಂತೆ ಸರಕಾರವನ್ನು ಒತ್ತಾಯಿಸುವ ಹಕ್ಕು ಅಂಥವರಿಗೇ ಬರುವುದು.